ಕೈಗಡವಾಗಿ ಕೊಟ್ಟ ಯಂತ್ರ ಕೆಟ್ಟರೆ ರಿಪೇರಿ ಖರ್ಚು ಯಾರದು?

ಮಳೆಗೆ ಮುಂಚೆ ಅಡಿಕೆಗೆ ಔಷಧಿ ಹೊಡೆಯುವ ದಿನಗಳಲ್ಲಿ, ಮಳೆ ಹಿಡಿದ ಮೇಲೆ ಕಾಫಿ ತೋಟದ ಕಳೆ ತೆಗೆಯುವ ದಿನಗಳಲ್ಲಿ ನಮ್ಮ ಮಲೆನಾಡಿನಲ್ಲಿ ಯಂತ್ರಗಳು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಎರಡು ಮೂರು ಎಕರೆಯವರು ಎಲ್ಲ ಸಾಧನಗಳನ್ನೂ ಕೊಳ್ಳಲಾರರು, ಕೊಳ್ಳಬೇಕಾಗಿಯೂ ಇಲ್ಲ. ಮುಯ್ಯಾಳಿನಂತೆ ಯಂತ್ರವೂ ಬೇಲಿ ದಾಟಿ ಹೋಗಿ ಬರುತ್ತದೆ. ತೊಂದರೆ ಹುಟ್ಟುವುದು ಅದು ಕೆಟ್ಟು ಬಂದಾಗ.

ಇಂಥದೊಂದು ತಕರಾರು ನಮ್ಮ ಮುಂದೆ ಬಂದಿತ್ತು. ಒಂದೇ ಹಳ್ಳದ ನೀರಿನಲ್ಲಿ ತೋಟ ಮಾಡುವ ಇಬ್ಬರು ಸದಸ್ಯರು. ಒಬ್ಬರ ಕಳೆ ಕೊಚ್ಚುವ ಯಂತ್ರವನ್ನು ಇನ್ನೊಬ್ಬರು ಎರಡು ದಿನಕ್ಕೆಂದು ಒಯ್ದರು. ಎರಡನೆಯ ದಿನ ಆಳು ಎಣ್ಣೆ ಬೆರೆಸದೆ ಬರೀ ಪೆಟ್ರೋಲು ಹಾಕಿ ಓಡಿಸಿದ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಹೋಗುವ ಎಣ್ಣೆಯೇ ಕೀಲೆಣ್ಣೆ. ಅದಿಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಹಾಗೆಯೇ ಆಯಿತು. "ನಿಮ್ಮ ಮಿಷನ್ನು ಮೊದಲೇ ಹಳತು ಮಾರಾಯ್ರೆ" ಎಂದು ಒಯ್ದವರು. "ಕೊಟ್ಟಾಗ ಓಡುತ್ತಿತ್ತಲ್ಲ" ಎಂದು ಕೊಟ್ಟವರು. ಮಾತು ನಿಂತಿತು. ಬೇಸಿಗೆಗೆ ಹಳ್ಳಕ್ಕೆ ಒಡ್ಡು ಕಟ್ಟುವಾಗ ಒಬ್ಬರು ಬರಲೇ ಇಲ್ಲ.

ಇದಕ್ಕೆ ಕಾನೂನು ಏನಾದರೂ ಇದೆಯೇ ಎಂದು ಕೇಳುವವರಿದ್ದಾರೆ. ಇದೆ, ಬಹಳ ಹಳೆಯದು. 1872ರ ಭಾರತೀಯ ಕರಾರು ಕಾಯಿದೆಯ 148ನೆಯ ಕಲಮಿನಿಂದ ಮುಂದೆ, ಒಬ್ಬರ ವಸ್ತುವನ್ನು ಇನ್ನೊಬ್ಬರು ಒಯ್ದು ಹಿಂತಿರುಗಿಸುವ ವ್ಯವಹಾರದ ವಿಚಾರವಿದೆ. ಕಾಗದ ಪತ್ರವಿಲ್ಲದಿದ್ದರೂ, ಬಾಡಿಗೆ ಇಲ್ಲದಿದ್ದರೂ ಅದು ಅನ್ವಯಿಸುತ್ತದೆ. ಒಯ್ದವನು ತನ್ನ ಸ್ವಂತ ವಸ್ತುವನ್ನು ವಿವೇಕಿಯಾದವನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೆಂದು 151ನೆಯ ಕಲಮು ಹೇಳುತ್ತದೆ. ಹಾಗೆ ನೋಡಿಕೊಂಡೂ ಕೆಟ್ಟರೆ, ಬೇರೆ ಮಾತುಕತೆ ಆಗಿರದಿದ್ದಲ್ಲಿ, ನಷ್ಟ ಯಜಮಾನನದು. ಆದರೆ ಜೋಪಾನ ಮಾಡಿದ್ದೆನೆಂದು ತೋರಿಸುವ ಹೊಣೆ ಸಾಮಾನ್ಯವಾಗಿ ಒಯ್ದವನ ಮೇಲೆಯೇ ಬೀಳುತ್ತದೆ.

ಕಾಯಿದೆ ಬರೆದವರ ಎದುರು ಸ್ಪ್ರೇಯರ್ ಇರಲಿಲ್ಲ, ಕುದುರೆ ಇತ್ತು. ತಾನೇ ಸವಾರಿ ಮಾಡುವೆನೆಂದು ತಂದ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಕೊಟ್ಟರೆ, ಅವರು ಎಚ್ಚರದಿಂದಲೇ ಸವಾರಿ ಮಾಡಿ ಅದು ಆಕಸ್ಮಿಕವಾಗಿ ಬಿದ್ದರೂ ತಂದವನೇ ಹೊಣೆ. ಇದು 154ನೆಯ ಕಲಮಿನ ಉದಾಹರಣೆ. ನಿಮ್ಮ ತೋಟಕ್ಕೆಂದು ತಂದ ಪಂಪನ್ನು ಭಾವನ ತೋಟಕ್ಕೂ ಕಳಿಸಿದರೆ ಇದೇ ಲೆಕ್ಕ. ಹಾಗೆಂದು ಯಜಮಾನನೂ ಪೂರ್ತಿ ತಪ್ಪಿಸಿಕೊಳ್ಳುವಂತಿಲ್ಲ. ಪುಂಡ ಕುದುರೆಯೆಂದು ಗೊತ್ತಿದ್ದೂ ಹೇಳದೆ ಕೊಟ್ಟು, ಸವಾರ ಬಿದ್ದು ಪೆಟ್ಟಾದರೆ ಅದಕ್ಕೆ ಕೊಟ್ಟವನೇ ಹೊಣೆ. ಬಾಡಿಗೆ ತೆಗೆದುಕೊಂಡಿದ್ದರಂತೂ ತನಗೆ ಗೊತ್ತಿಲ್ಲದ ದೋಷಕ್ಕೂ ಅವನು ಉತ್ತರ ಕೊಡಬೇಕಾಗುತ್ತದೆ. "ಖರ್ಚಿಗೆ ಇರಲಿ" ಎಂದು ನೂರಿನ್ನೂರು ಈಸಿಕೊಳ್ಳುವವರು ಇದನ್ನು ಗಮನಿಸಬೇಕು.

ಇನ್ನು, ನಾವೇ ಯಂತ್ರ ಹೊತ್ತುಕೊಂಡು ಹೋಗಿ ನೆರೆಯವರ ಕೆಲಸ ಮಾಡಿಕೊಟ್ಟು, ಅಲ್ಲಿ ಅದು ಕೆಟ್ಟರೆ? ಪುಕ್ಕಟೆ ಉಪಕಾರವೆಂದು ಮಾಡಿದ್ದಕ್ಕೆ ಆಮೇಲೆ ಬಿಲ್ಲು ಕೊಡಲು ಬರುವುದಿಲ್ಲ. ಯಂತ್ರ ನಡೆಸಿದವರು ನಾವೇ ತಾನೆ?

ಕೋರ್ಟಿಗೆ ಹೋಗಿ ಎಂದು ನಾವು ಹೇಳುತ್ತಿಲ್ಲ. ವಕೀಲರ ಫೀಜಿಗೆ ಹೊಸ ಯಂತ್ರವೇ ಬಂದೀತು. ಆದರೆ ಸವೆತ ಬೇರೆ, ಹಾಳು ಬೇರೆ ಎಂಬ ಎಣಿಕೆ ಮನೆಯ ಜಗಲಿಯಲ್ಲೂ ನಡೆಯುತ್ತದೆ. ಔಷಧಿ ಹೊಡೆಯುವ ಪಂಪಿನ ವಾಷರ್ ಯಾರ ಕೈಯಲ್ಲಿದ್ದರೂ ಸವೆಯುತ್ತದೆ. ಅದು ಯಜಮಾನನ ಖರ್ಚು. ಬೋರ್ಡೋ ದ್ರಾವಣ ಹೊಡೆದು, ಒಳ್ಳೆ ನೀರು ಹಾಯಿಸಿ ತೊಳೆಯದೆ ಹಾಗೆಯೇ ಇಟ್ಟರೆ ಸುಣ್ಣ ಗಟ್ಟಿಯಾಗಿ ನಾಜಲ್ಲು ಕಟ್ಟುತ್ತದೆ, ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಅದು ಒಯ್ದವರ ಖರ್ಚು. ಕೊಡುವಾಗ ಇಬ್ಬರೂ ನಿಂತು ಒಮ್ಮೆ ಓಡಿಸಿ ನೋಡಿದ್ದರೆ ಅರ್ಧ ಜಗಳ ಇರುವುದೇ ಇಲ್ಲ. ಇದ್ದ ದೋಷವನ್ನು ಆಗಲೇ ಹೇಳಿಬಿಡಬೇಕು. ಎಣ್ಣೆಯ ಅಳತೆಯನ್ನು ಯಜಮಾನನಿಗಲ್ಲ, ಯಂತ್ರ ಹಿಡಿಯುವ ಆಳಿಗೇ ಹೇಳಬೇಕು. ಲೀಟರಿಗೆ 20 ಮಿಲಿಯೋ 40 ಮಿಲಿಯೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಕಂಪೆನಿಯ ಪುಸ್ತಕದಲ್ಲಿ ಇರುತ್ತದೆ.

ಮೇಲಿನ ಇಬ್ಬರು ಕೊನೆಗೆ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಬಿಲ್ಲನ್ನು ಎರಡು ಮಾಡಿದರು. ಪಿಸ್ಟನ್ ಮತ್ತು ಸಿಲಿಂಡರ್ ಒಯ್ದವರಿಗೆ, ಮೊದಲೇ ಸೋರುತ್ತಿದ್ದ ಕಾರ್ಬುರೇಟರ್ ಯಜಮಾನರಿಗೆ. ಯಂತ್ರ ಈಗಲೂ ಬೇಲಿ ದಾಟುತ್ತದೆ. ಜೊತೆಗೆ ಎಣ್ಣೆ ಬೆರೆಸಿದ ಪೆಟ್ರೋಲಿನ ಕ್ಯಾನೂ ಹೋಗುತ್ತದೆ.