ಪಹಣಿಯಲ್ಲಿ ಕಾಣದ ಹೆಸರು

ಊರ ಕಡೆಯಿಂದ ಯಾರೇ ಬರಲಿ, ಮಕರಪುರದ ನಮ್ಮ ಮನೆಗೆ ಒಂದು ಗಂಟು ತಪ್ಪದೆ ಬರುತ್ತದೆ. ಒಂದಿಷ್ಟು ಕಗ್ಗದ ಅಕ್ಕಿ, ಒಂದು ಪೊಟ್ಟಣ ಒಣ ಸಿಗಡಿ. ಕಳಿಸುವವರು ನಮ್ಮ ಅತ್ತಿಗೆ. ಪೊಟ್ಟಣ ಬಿಚ್ಚಿದೊಡನೆ ನೆರೆಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಮಗೆ ಮಾತ್ರ ಅದು ಅಘನಾಶಿನಿಯ ಗಾಳಿ!

ಕುಮಟಾ ತಾಲ್ಲೂಕಿನಲ್ಲಿ ಈ ನದಿ ಕಡಲು ಸೇರುವೆಡೆ ಗಜನಿ ಎಂಬ ಭೂಮಿಯುಂಟು. ಮಳೆಗಾಲದಲ್ಲಿ ಅಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಡೆದು ನಿಲ್ಲುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ನದಿಯ ಇಳಿತದ ಹೊತ್ತಿನಲ್ಲಿ ಹೆಂಗಸರು ನೀರಿಗಿಳಿದು ಬಳಚು, ಅಂದರೆ ಚಿಪ್ಪಿಕಲ್ಲು, ಹೆಕ್ಕುತ್ತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಆದರೆ ಅಲ್ಲಿ ದುಡಿಯುವ ಹೆಂಗಸರಿಗೆ ಮನ್ನಣೆ ಎಷ್ಟು?

ಅಣ್ಣ ತೀರಿಕೊಂಡ ಮೇಲೆ ಗದ್ದೆಯನ್ನು ನೋಡಿಕೊಂಡವರು ಅತ್ತಿಗೆಯೇ. ಒಡ್ಡು ಒಡೆದ ವರ್ಷ ಸಾಲ ಕೇಳಲು ಹೋದರೆ ಪಹಣಿ ಕೇಳಿದರು. ಪಹಣಿಯಲ್ಲಿದ್ದದ್ದು ಎಂದೋ ಕಾಲವಾದ ನಮ್ಮ ತಂದೆಯವರ ಹೆಸರು! ಗದ್ದೆಯಲ್ಲಿ ಅತ್ತಿಗೆ ಇದ್ದರು, ಕಾಗದದಲ್ಲಿ ಇರಲಿಲ್ಲ. “ತಮ್ಮಾ, ಒಂದು ಸಲ ಬಂದು ಸಹಿ ಹಾಕಿ ಹೋಗು” ಎಂದರು. ಬೇಸಿಗೆ ರಜೆಗೆ ಬರುತ್ತೇವೆಂದೆವು. ಹಾಗೆನ್ನುತ್ತಲೇ ಮೂರು ಬೇಸಿಗೆಗಳು ಕಳೆದವು. ಹಗಲೆಲ್ಲ ಕಛೇರಿಯಲ್ಲಿ ಕುಳಿತು, ಸಹಿಯಿಲ್ಲವೆಂದು ಪರರ ಅರ್ಜಿಗಳನ್ನು ಹಿಂದಕ್ಕೆ ಕಳಿಸುವ ಗುಮಾಸ್ತರು ನಾವು!

ನಾವು ಅನ್ನ ಉಣ್ಣುತ್ತಿರುವ ಈ ಗುಜರಾತಿನಲ್ಲಿಯೇ ಇದಕ್ಕೊಂದು ಪಾಠವಿದೆ. ಸೂರತ್ತಿನಲ್ಲಿ ಬೆಳೆದ ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ‘ಸೇವಾ’ ಸಂಘ ಕಟ್ಟಿದರು. 1974ರಲ್ಲಿ 4,000 ಬಡ ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಸಹಿ ಬಾರದವರ ಗುರುತಿಗೆ ಭಾವಚಿತ್ರ ಸಾಕೆಂದಿತು ಆ ಬ್ಯಾಂಕು. ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ 15 ಹೆಂಗಸರು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಸಿರಿಧಾನ್ಯದ ಬೀಜ ಕಾಪಾಡಿದರು. ಧಾನ್ಯ ಹಸನು ಮಾಡುವ ಘಟಕವನ್ನು ತಾವೇ ನಡೆಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರ ಪಾಲಿಗೆ ಬಂತು. 2026ನೇ ಇಸವಿಯನ್ನು ವಿಶ್ವಸಂಸ್ಥೆ ರೈತ ಮಹಿಳೆಯರ ವರ್ಷವೆಂದೇ ಸಾರಿದೆ.

ಕಾನೂನು ಅಡ್ಡ ಬರುತ್ತದೆಯೇ? ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವಿಧವೆಗೆ ಗಂಡನ ಆಸ್ತಿಯಲ್ಲಿ ಪಾಲು ಕೊಟ್ಟಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು; 2005ರಲ್ಲಿ ದೇಶಕ್ಕೆಲ್ಲ ಬಂತು. ಕೊರತೆ ಕಾನೂನಿನದಲ್ಲ, ನಮ್ಮಂಥವರ ಸಹಿಯದು.

ಕೊನೆಗೆ ಕಣ್ಣು ತೆರೆಸಿದವಳು ನಮ್ಮ ಮನೆಯಾಕೆ. ಒಂದು ರಾತ್ರಿ ಅನ್ನ ಬಡಿಸುತ್ತ, “ಅಕ್ಕ ಕಳಿಸಿದ ಅಕ್ಕಿ ಉಣ್ಣುತ್ತೀರಿ. ಆ ಕೆಸರನ್ನು ನೀವು ತುಳಿದು ಎಷ್ಟು ವರ್ಷವಾಯಿತು?” ಎಂದಳು. ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೇ ರಜೆಯ ಅರ್ಜಿ ಕೊಟ್ಟೆವು.

ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ ಇವಿಷ್ಟನ್ನು ಜೋಡಿಸಿ ಪೌತಿ ಖಾತೆಗೆ ಅರ್ಜಿ ಹಾಕಿದೆವು. ನಮ್ಮ ಪಾಲನ್ನೂ ಬಿಟ್ಟುಕೊಡುವಷ್ಟು ಉದಾರಿಗಳು ನಾವಲ್ಲ. ಜಂಟಿ ಖಾತೆಯೇ ಆಯಿತು. ಆದರೆ ಮೊದಲ ಹೆಸರು ಅತ್ತಿಗೆಯದಿರಲೆಂದು ಕೇಳಿಕೊಂಡೆವು. ಪಹಣಿ ಕೈಗೆ ಬಂದ ದಿನ ಅವರು ಫೋನು ಮಾಡಿ, ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದರು. ಆಮೇಲೆ, “ಅಕ್ಕಿ ಮುಗಿಯಿತೇನೋ?” ಎಂದರು.

ಸೋದರ ಸೋದರಿಯರೇ, ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವೆಲ್ಲ. ನಾವು ಬಿಟ್ಟುಬಂದ ಹೊಲಗದ್ದೆಗಳಲ್ಲಿ ತಾಯಿಯೋ, ಅಕ್ಕನೋ, ಅತ್ತಿಗೆಯೋ ದುಡಿಯುತ್ತಿದ್ದಾರೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಪಹಣಿಯನ್ನೊಮ್ಮೆ ತೆಗೆಸಿ ನೋಡೋಣ. ಅವರ ಹೆಸರು ಅಲ್ಲಿಲ್ಲವಾದರೆ, ಸಹಿ ಹಾಕಿಯೇ ಮರಳಿ ರೈಲು ಹತ್ತೋಣ.