ಅರ್ಬುದದ ಗೆಡ್ಡೆಯೊಳಗಿನ ರಕ್ಷಕ ಕಣಗಳು

ಶಸ್ತ್ರಕ್ರಿಯೆಯಿಂದ ತೆಗೆದ ಅರ್ಬುದದ ಗೆಡ್ಡೆಯನ್ನು ತೆಳುವಾಗಿ ಕೊಯ್ದು, ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರ್ಬುದಕೋಶಗಳ ನಡುವೆ ಬಿಳಿಯ ರಕ್ತಕಣಗಳೂ ಕಾಣುತ್ತವೆ. ಜರ್ಮನಿಯ ರುಡಾಲ್ಫ್ ವಿರ್ಚೋ ಇದನ್ನು 1863ರಲ್ಲಿಯೇ ಗಮನಿಸಿ, ದೀರ್ಘಕಾಲದ ಉರಿಯೂತವೇ ಅರ್ಬುದದ ಹುಟ್ಟುನೆಲೆಯೆಂದು ಬಗೆದನು. ಈ ಕಣಗಳು ರೋಗಿಯ ಪರವಾಗಿ ಕಾದುತ್ತಿರಬಹುದೆಂಬ ಭಾವನೆಗೆ ಬಲ ಬಂದುದು ಬಹುಕಾಲದ ಮೇಲೆ.

ಗೆಡ್ಡೆ ಎಷ್ಟು ಆಳಕ್ಕಿಳಿದಿದೆ, ಲಿಂಫ್ ಗ್ರಂಥಿಗಳನ್ನು ಮುಟ್ಟಿದೆಯೆ, ದೂರದ ಅಂಗಗಳಿಗೆ ಹಬ್ಬಿದೆಯೆ ಎಂಬುದನ್ನು ನೋಡಿ ವೈದ್ಯರು ರೋಗದ ಹಂತವನ್ನು ಗೊತ್ತುಮಾಡುತ್ತಾರೆ. ಆದರೆ ಒಂದೇ ಹಂತದ ಇಬ್ಬರು ರೋಗಿಗಳಲ್ಲಿ ಒಬ್ಬನು ಗುಣಹೊಂದಿ, ಮತ್ತೊಬ್ಬನಿಗೆ ರೋಗ ಮರುಕಳಿಸುವುದುಂಟು. ಈ ಅಂತರಕ್ಕೆ ಕಾರಣವೇನು?

ಅಂಡಾಶಯದ ಮುಂದುವರಿದ ಅರ್ಬುದದ 186 ಮಾದರಿಗಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಮುಖ್ಯವಾದುದು. ಅರ್ಬುದಕೋಶಗಳ ಗುಂಪಿನೊಳಕ್ಕೆ ಟಿ-ಲಿಂಫೋಸೈಟುಗಳು ನುಗ್ಗಿದ್ದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 38. ನುಗ್ಗದಿದ್ದವರಲ್ಲಿ ನೂರಕ್ಕೆ 4.5 ಮಾತ್ರ. ರೋಗದ ಹೆಸರು ಒಂದೇ ಆಗಿದ್ದರೂ ಗತಿ ಇಷ್ಟು ಬೇರೆಯಾಯಿತು.

2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಅರ್ಬುದದಲ್ಲಿ ಕಣಗಳ ಜಾತಿ, ದಟ್ಟಣೆ, ಇರುವ ಸ್ಥಳ ಇವು ಮೂರೂ ಮುಖ್ಯವೆಂದು ತೋರಿಸಿದರು. ಎಲ್ಲ ಟಿ-ಕಣಗಳ ಗುರುತಾದ ಸಿಡಿ3, ಮಾರಕ ಟಿ-ಕಣಗಳ ಗುರುತಾದ ಸಿಡಿ8 ಇವನ್ನು ಗೆಡ್ಡೆಯ ನಡುವಿನಲ್ಲಿಯೂ ಆಕ್ರಮಿಸುವ ಅಂಚಿನಲ್ಲಿಯೂ ಎಣಿಸುವ ಕ್ರಮ ಮುಂದೆ ರೂಪುಗೊಂಡಿತು. 2018ರಲ್ಲಿ 2,681 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ವರದಿ ಬಂದಿತು. ಅವರ ಮೊದಲ ತಂಡದಲ್ಲಿ, ಕಣಗಳು ದಟ್ಟವಾಗಿದ್ದವರ ಪೈಕಿ ಐದು ವರ್ಷಗಳೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 8 ಮಂದಿಗೆ. ವಿರಳವಾಗಿದ್ದವರಲ್ಲಿ 32 ಮಂದಿಗೆ.

ಹಾಗೆಂದು ಕಣಗಳು ಹೆಚ್ಚಿದ್ದರೆಲ್ಲ ಒಳಿತೆಂದು ನಾವು ಹೇಳಲಾರೆವು. ಟಿ-ಕಣಗಳಲ್ಲಿಯೇ ದಾಳಿಯನ್ನು ಹತ್ತಿಕ್ಕುವ ನಿಯಂತ್ರಕ ಜಾತಿಯೊಂದುಂಟು. ಅಂಡಾಶಯದ ಅರ್ಬುದದಲ್ಲಿ ಇದು ಹೆಚ್ಚಿದ್ದಾಗ ಬದುಕು ಕುಗ್ಗಿತೆಂದು 2004ರಲ್ಲಿ ವರದಿಯಾಯಿತು. ಮೂತ್ರಪಿಂಡದ ಅರ್ಬುದದಲ್ಲಂತೂ ಸಿಡಿ8 ಕಣಗಳ ದಟ್ಟಣೆಯೇ ಹಲವು ಅಧ್ಯಯನಗಳಲ್ಲಿ ಕೆಟ್ಟ ಫಲದೊಡನೆ ಕೂಡಿಬಂದಿದೆ. ಬಹುಕಾಲ ಕಾದು ಬಳಲಿದ ಕಣಗಳು ಸ್ಥಳದಲ್ಲಿದ್ದರೂ ಕೊಲ್ಲುವ ಶಕ್ತಿಯನ್ನು ಕಳೆದುಕೊಂಡಿರುತ್ತವೆ. ಎಣಿಕೆಯೊಂದೇ ನಮಗೆ ಸಾಲದು.

ಇನ್ನೊಂದು ತೊಡಕು ವ್ಯವಹಾರದ್ದು. ರೋಗನಿರ್ಣಯಕ್ಕಾಗಿ ಚಿವುಟಿ ತೆಗೆದ ಸಣ್ಣ ತುಣುಕಿನಲ್ಲಿ ಗೆಡ್ಡೆಯ ಅಂಚು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಆದ್ದರಿಂದ ಅಂಚಿನ ಕಣಗಳನ್ನು ಎಣಿಸಲು ಶಸ್ತ್ರಕ್ರಿಯೆಯಾಗಿ ಇಡೀ ಗೆಡ್ಡೆ ಪ್ರಯೋಗಶಾಲೆಗೆ ಬರುವವರೆಗೂ ಕಾಯಬೇಕಾಗುತ್ತದೆ.