ಸೌರದೀಪದ ಬ್ಯಾಟರಿ: ಸೀಸದ್ದೋ, ಲಿಥಿಯಮ್ಮಿನದೋ?

ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ತೋಟದ ಮನೆಗಳಿಗೆ ಸೌರದೀಪವೇ ಆಸರೆ. ಹಳೆಯ ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಬಹುದೇ ಎಂದು ಸದಸ್ಯರು ಕೇಳುತ್ತಿರುವುದರಿಂದ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ವಾರಗಟ್ಟಲೆ ಬಿಸಿಲಿಲ್ಲದೆ ಅರೆ ಚಾರ್ಜಿನಲ್ಲಿ ನಿಂತರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಬಲಗುಂದುತ್ತದೆ. ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ತೊಂದರೆಯಿಲ್ಲ. ಶೇಕಡಾ 80ರಷ್ಟು ಬಳಸಬಹುದು, ನೀರೂ ಹಾಕಬೇಕಿಲ್ಲ. ಹೀಗಾಗಿ 150 ಆಂಪಿಯರ್-ಅವರ್ ಸೀಸದ ಬ್ಯಾಟರಿಯ ಕೆಲಸವನ್ನು 100ರ ಲಿಥಿಯಂ ಮಾಡುತ್ತದೆ.

ಆದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಲದು. ಚಾರ್ಜ್ ಕಂಟ್ರೋಲರ್ ಮತ್ತು ಇನ್ವರ್ಟರ್ ಎರಡನ್ನೂ ಲಿಥಿಯಮ್ಮಿಗೆ ಹೊಂದಿಸಲು ಬರುವುದೇ ನೋಡಿರಿ. 12 ವೋಲ್ಟಿನ ವ್ಯವಸ್ಥೆಯಲ್ಲಿ ಚಾರ್ಜು ಸಾಮಾನ್ಯವಾಗಿ 14.6 ವೋಲ್ಟ್ ಮೀರಬಾರದು. ಸೀಸದ ಬ್ಯಾಟರಿಗೆ ಆಗಾಗ ಕೊಡುವ ‘ಈಕ್ವಲೈಸ್’ ಚಾರ್ಜು ಇದನ್ನು ಮೀರುವುದರಿಂದ ಅದನ್ನು ನಿಲ್ಲಿಸತಕ್ಕದ್ದು. ಹಳೆಯ ಸೀಸದ ಬ್ಯಾಟರಿಯೊಡನೆ ಹೊಸದನ್ನು ಜೋಡಿಸಕೂಡದು.

ಲಿಥಿಯಮ್ಮಿಗೆ ಬೆಲೆ ಹೆಚ್ಚು. ಈಗಿರುವುದು ಚೆನ್ನಾಗಿದ್ದರೆ ಅವಸರ ಬೇಡ. ಅದು ಸೋತ ಮೇಲೆ ಯೋಚಿಸಿದರಾಯಿತು. ಹಳೆಯದನ್ನು ತೋಟದಲ್ಲಿ ಒಡೆಯದೆ ಮಾರಾಟಗಾರರಿಗೇ ಹಿಂತಿರುಗಿಸಿರಿ. ಸೀಸ, ಆಮ್ಲ ಎರಡೂ ನಮ್ಮ ಬಾವಿ, ಕೆರೆಗಳ ನೀರಿಗೆ ವಿಷ.